ಎಣ್ಣೆ ಕುಡಿದ ರೈಫಲ್

ಏರ್ ರೈಫಲ್‌ಗೆ ಮದ್ದಿಲ್ಲ, ಬೆಂಕಿಯಿಲ್ಲ. ಸ್ಪ್ರಿಂಗು ಗಾಳಿಯನ್ನು ಅದುಮುತ್ತದೆ, ಗಾಳಿ ಸೀಸದ ಗುಂಡನ್ನು ನೂಕುತ್ತದೆ, ಅಷ್ಟೇ. ಹಾಗಿದ್ದ ಮೇಲೆ ನಳಿಗೆಯಿಂದ ಹೊಗೆ ಯಾಕೆ ಬರಬೇಕು?

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ ಮುನಿರಾಜುವಿನ ತಲೆಯನ್ನು ಈ ಪ್ರಶ್ನೆ ಕೊರೆಯುತ್ತಿತ್ತು. ಭಾನುವಾರ ಮಗಳು ಸ್ಪಂದನಳಿಗೆ ಶೂಟಿಂಗ್ ಕ್ಲಬ್ ತಂಡದ ಆಯ್ಕೆ. ಆಯುಧಪೂಜೆಯವರೆಗೆ ಒಂದೇ ತೂತಿಗೆ ಬೀಳುತ್ತಿದ್ದ ಗುಂಡುಗಳು, ಈಗ ಹೇರೋಹಳ್ಳಿಯ ಮನೆಯ ಮಹಡಿಯಲ್ಲಿ ದಪ್ಪ ಹಲಗೆಗೆ ಅಂಟಿಸಿದ ಕಾಗದದ ತುಂಬ ಚೆಲ್ಲಾಡುತ್ತಿದ್ದವು.

ಮೊದಲು ಮಗಳ ಮೇಲೆ ರೇಗಿದ. "ಮೊಬೈಲ್ ಹಿಡ್ದೂ ಹಿಡ್ದೂ ಕೈ ಸತ್ತೋಗಿದೆ ಕಣೇ ನಿಂಗೆ."

"ಕೈಯಲ್ಲಪ್ಪ. ಒಂದ್ಸಲ ಜೋರಾಗಿ ಒದೆಯುತ್ತೆ, ಒಂದ್ಸಲ ಸುಮ್ನಿರುತ್ತೆ."

ತಿರುಪುಗಳನ್ನು ಬಿಗಿ ಮಾಡಿದ. ಗುರಿ ನೋಡುವ ಸೈಟ್ ಅಲುಗಾಡುತ್ತದೆಯೇ ಎಂದು ನೋಡಿದ. ಬೇರೆ ಡಬ್ಬಿ ಗುಂಡು ತರಿಸಿದ. ಏನೂ ಸರಿಹೋಗಲಿಲ್ಲ. ಪ್ರತಿ ಸಲವೂ ಕೊನೆಗೆ, ಗಾಳಿ ಬರುವ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟ. ಎಣ್ಣೆ ಕಂಡ ಯಾವ ಮಿಷನ್ನೂ ಕೆಡುವುದಿಲ್ಲ ಎಂಬುದು ಅವನ ನಂಬಿಕೆ. ಹಬ್ಬದ ದಿನ ಹೊಲಿಗೆ ಮಿಷನ್ನಿನಿಂದ ಹಿಡಿದು ರೈಫಲ್‌ವರೆಗೆ ಎಲ್ಲಕ್ಕೂ ಅವನೇ ಎಣ್ಣೆಸ್ನಾನ ಮಾಡಿಸಿದ್ದ.

ಶುಕ್ರವಾರ ಮತ್ತೆ ಢಬ್ಬೆಂದಿತು, ಹೊಗೆ ಬಂತು. ಗುಂಡು ತುಂಬುವಾಗಿನಂತೆ ನಳಿಗೆ ಮಡಿಸಿ ಬುಡವನ್ನು ಮೂಸಿದ. ಸುಟ್ಟ ವಾಸನೆ. ಅಪ್ಪನ ಕಾಲದ ಟ್ರ್ಯಾಕ್ಟರ್ ನೆನಪಾಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಎಲ್ಲಿದೆ? ಅದುಮಿದ ಗಾಳಿ ಕಾಯುತ್ತದೆ, ಆ ಕಾವಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಇಲ್ಲಿ ಹತ್ತಿಕೊಳ್ಳುತ್ತಿದ್ದದ್ದು ಅವನು ಬಿಟ್ಟ ಎಣ್ಣೆ, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ; ಗುಂಡು ಚೆಲ್ಲಾಡಿದ್ದೂ ಅದಕ್ಕೇ.

"ಲಿಂಗಮ್ಮ, ಇದನ್ನ ಟ್ರ್ಯಾಕ್ಟರ್ ಮಾಡಿಟ್ಟಿದೀನಿ ಕಣೇ," ಎಂದು ಹೆಂಡತಿಗೆ ಹೇಳಿದ.

"ಸದ್ಯ, ಉಳೋಕೆ ಹೂಡ್ಲಿಲ್ಲವಲ್ಲ."

"ಒಳಗೆ ಎಣ್ಣೆ ಬಿಡ್ಬೇಡಿ ಅಂತ ಕೋಚ್ ಹೇಳಿದ್ರು," ಎಂದಳು ಸ್ಪಂದನ. "ಹೇಳೋಕ್ ಬಂದ್ರೆ ನೀವು ಮೈಮೇಲೇ ಬರ್ತೀರ."

ಮುನಿರಾಜು ದಾರಕ್ಕೆ ಒಣಬಟ್ಟೆ ಕಟ್ಟಿ ನಳಿಗೆಯಲ್ಲಿ ಎಳೆದ. ಅದರಾಚೆಗಿನ ಎಣ್ಣೆ ಕೈಗೆ ಎಟುಕುವಂತಿರಲಿಲ್ಲ, ಉರಿದೇ ಮುಗಿಯಬೇಕು. ಶನಿವಾರವೆಲ್ಲ ಸ್ಪಂದನ ಹೊಡೆದಳು. ಹೊಗೆ ತೆಳುವಾಯಿತು, ಸದ್ದು ಇಳಿಯಿತು, ಸಂಜೆಯ ಹೊತ್ತಿಗೆ ಗುಂಡುಗಳು ಮತ್ತೆ ಒಂದೆಡೆ ಸೇರತೊಡಗಿದವು.

ಅಷ್ಟರಲ್ಲಿ ಒಂದು ಗುಂಡು ದೂರ ಹೋಯಿತು. ಮುನಿರಾಜುವಿನ ಕೈ ತಾನಾಗಿ ಎಣ್ಣೆಡಬ್ಬಿಯತ್ತ ಚಾಚಿತು.

"ಮುಟ್ಬೇಡಿ ಅಪ್ಪ. ಇದು ನನ್ ತಪ್ಪು, ಉಸಿರು ಬಿಟ್ಬಿಟ್ಟೆ."

ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಮುಂದಿನ ಗುಂಡು ನಡುವಿಗೇ ಬಿತ್ತು.

ಭಾನುವಾರ ಬೆಳಿಗ್ಗೆ ಸ್ಪಂದನ ರೈಫಲ್ ಚೀಲ ಹೊತ್ತು ಹೊರಟಾಗ ಗೇಟು ಕಿರುಗುಟ್ಟಿತು. ಮುನಿರಾಜು ನಿಂತು ಕೀಲನ್ನೇ ನೋಡಿದ. ಆಮೇಲೆ ಸುಮ್ಮನೆ ಗೇಟು ಎಳೆದುಕೊಂಡು ಮಗಳ ಹಿಂದೆ ನಡೆದ.