ಹಿಮದಡಿಯ ಆಲಿಕೆ

"ಕೊಂಡಿ ಬಿಡ್ತು ಮೇಡಂ, ಆಲಿಕೆಯಿಂದ ಉತ್ತರ ಬಂತು!" ಎಂದು ಹೆಡ್‌ಫೋನ್ ಕಿತ್ತುಹಾಕಿ ತಂತ್ರಜ್ಞ ಕೂಗಿದ. ಹಡಗಿನ ಡೆಕ್ಕಿನ ಮೇಲಿದ್ದವರೆಲ್ಲ ಕಂಬಿಗೆ ಮುಗಿಬಿದ್ದರು. ವಿಜ್ಞಾನಿ ಮಾತ್ರ ನಿಂತಲ್ಲೇ ನಿಂತಳು. ಸಮುದ್ರದ ತಳಕ್ಕೆ ಒಂದು ವರ್ಷದಿಂದ ಕಟ್ಟಿಹಾಕಿದ್ದ ಅವಳ ಆಲಿಕೆ ಭಾರ ಕಳಚಿಕೊಂಡು, ಹಳದಿ ತೇಲುಗುಂಡುಗಳ ಜೊತೆ ಈಗ ಮೇಲೇರುತ್ತಿತ್ತು.

ಆಳೆತ್ತರದ ಆಲಿಕೆ ಅದು, ಎಣ್ಣೆ ಸುರಿಯುವ ಲಾಳಿಕೆಯ ಆಕಾರದ್ದು. ಬುಡದಲ್ಲಿ ತಿಂಗಳಿಗೊಂದರಂತೆ ಬಾಯ್ತೆರೆಯುವ ಬಾಟಲಿಗಳು. ಮೇಲಿನ ನೀರಿನಲ್ಲಿ ಬೆಳೆದ ಕಣ್ಣಿಗೆ ಕಾಣದ ಸಸ್ಯಗಳು ಸತ್ತು, ಗಾಳಿಯಿಂದ ಹೀರಿಕೊಂಡ ಇಂಗಾಲವನ್ನೂ ಹೊತ್ತು, ದೂಳಿನಂತೆ ಆಳಕ್ಕೆ ಉದುರುವುದನ್ನು ಅದು ಹಿಡಿದಿಡುತ್ತಿತ್ತು. ಹಿಮ ಹೆಚ್ಚು ಕರಗಿ, ಸಿಹಿನೀರು ಸಮುದ್ರದ ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿದೆ, ತಳದ ಪೋಷಕಾಂಶಗಳನ್ನು ಮೇಲೆ ಬರಗೊಡುತ್ತಿಲ್ಲ ಎಂಬುದು ಅವಳ ಅನುಮಾನ. ಅದು ನಿಜವಾದರೆ ಆ ಸಸ್ಯಗಳಿಗೆ ಊಟವಿಲ್ಲ, ಅವನ್ನೇ ನಂಬಿದ ಸೀಗಡಿಗಿಲ್ಲ, ತಿಮಿಂಗಿಲಕ್ಕೂ ಇಲ್ಲ. ಇಂಗಾಲ ಗಾಳಿಯಲ್ಲೇ ಉಳಿದು ಎಲ್ಲರ ಊರಿನ ಸೆಕೆಯನ್ನೂ ಹೆಚ್ಚಿಸುತ್ತದೆ. ನಿಜವೋ ಸುಳ್ಳೋ ಎಂಬುದನ್ನು ಬಾಟಲಿಗಳು ಹೇಳಬೇಕಿತ್ತು.

ಕಾದರು. ಚಹಾ ತಣ್ಣಗಾಯಿತು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ದೂರದಲ್ಲಿ ತೆಪ್ಪಗಿದ್ದ ಒಂದು ಹಿಮಹಾಸು, ಮೈದಾನದಷ್ಟು ಅಗಲದ್ದು, ಯಾರಿಗೂ ಹೇಳದೆ ಕೇಳದೆ ತೇಲಿ ಬಂದು ತೆರೆದ ನೀರನ್ನು ಮುಚ್ಚಿಕೊಂಡಿತು. ತೇಲುಗುಂಡುಗಳು ಬಂದು ತಗುಲಿದ್ದು ಅದರ ಹೊಟ್ಟೆಗೆ. ತಂತ್ರಜ್ಞನ ಯಂತ್ರದಲ್ಲಿ ಆಲಿಕೆಯ ಉತ್ತರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಣ್ಣಿಗೆ ಮಾತ್ರ ಬರೀ ಬಿಳುಪು.

ಅವಳು ಏಣಿ ಹತ್ತಿ ಚುಕ್ಕಾಣಿ ಕೋಣೆಗೆ ಹೋದಳು. ಅಲ್ಲಿದ್ದ ಕ್ಯಾಪ್ಟನ್ ಅವಳ ತಮ್ಮ. ಅಪ್ಪ ತೀರಿಕೊಂಡಾಗ ಅವನಿಗಿನ್ನೂ ಶೂ ಲೇಸು ಕಟ್ಟಲು ಬರುತ್ತಿರಲಿಲ್ಲ. ಅವನನ್ನು ಶಾಲೆಗೆ ಬಿಟ್ಟು ಅವಳು ಕಾಲೇಜಿಗೆ ಓಡುತ್ತಿದ್ದಳು. ಅವನು ನೌಕಾ ತರಬೇತಿಗೆ ಸೇರುವ ತನಕ ತನ್ನ ಸಂಶೋಧನೆಯನ್ನೂ ಮುಂದೆ ಹಾಕಿದ್ದಳು. ಇಬ್ಬರಿಗೂ ಒಂದೇ ಹಡಗು ಸಿಕ್ಕಿದ್ದು ಇದೇ ಮೊದಲು. ಬಂದರಿನಲ್ಲಿ ಅಮ್ಮ, "ಅಲ್ಲಿ ಅವನೇ ಯಜಮಾನ, ಅವನ ಮಾತು ಕೇಳು," ಎಂದು ಇವಳಿಗೆ ಹೇಳಿ, ಅವನ ಕಡೆ ತಿರುಗಿ, "ಅಕ್ಕನ ಮಾತು ಮೀರಬೇಡ," ಎಂದಿದ್ದರು. ಇಬ್ಬರೂ ಹೂಂಗುಟ್ಟಿದ್ದರು.

"ಮುಂದಿನ ವರ್ಷ ಬಂದು ಎತ್ಕೊಳ್ಳೋಕೆ ಆಗಲ್ವಾ ಮೇಡಂ?" ಎಂದು ಚೀಫ್ ಆಫೀಸರ್ ಕೇಳಿದ.

"ಭಾರ ಕಳಚಿದೆಯಲ್ಲ. ಈ ಹಿಮ ಎಲ್ಲಿಗೆ ಹೋಗುತ್ತೋ ಅದೂ ಅಲ್ಲಿಗೇ."

ಕ್ಯಾಪ್ಟನ್ ದುರ್ಬೀನು ಇಳಿಸಲಿಲ್ಲ. "ಎಡಗಡೆ ಒಂದು ಬಿರುಕಿದೆ. ಅದರಲ್ಲಿ ನುಗ್ಗಿಸಿದ್ರೆ ಹಾಸು ಒಡೀಬಹುದು."

"ಒಡೀಬಹುದು ಕ್ಯಾಪ್ಟನ್," ಎಂದ ಚೀಫ್ ಆಫೀಸರ್. "ಆದರೆ ಗಾಳಿ ಜೋರಾಗ್ತಿದೆ. ನಾವು ಬಂದ ದಾರಿ ಆಗಲೇ ಕಿರಿದಾಗಿದೆ. ಒಳಗೆ ಹೋದ್ಮೇಲೆ ಅದು ಮುಚ್ಕೊಂಡ್ರೆ ನಮ್ಮನ್ನ ಎಳೆಯೋಕೆ ಹತ್ತಿರದಲ್ಲಿ ಯಾವ ಹಡಗೂ ಇಲ್ಲ."

"ನಂಗೊತ್ತು," ಎಂದ ಕ್ಯಾಪ್ಟನ್.

ತಮ್ಮ ದುರ್ಬೀನು ಇಳಿಸಿ ಅವಳ ಕಡೆ ತಿರುಗಿದ. ಈ ಕೋಣೆಯಲ್ಲಿ ಅವನು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ. ಈಗ, "ಅಕ್ಕಾ, ನೀನು ಹೂಂ ಅಂದ್ರೆ ಹೋಗ್ತೀನಿ," ಎಂದ.

ಅವಳಿಗೆ ಹೂಂ ಎನ್ನುವ ಆಸೆ ಗಂಟಲ ತನಕ ಬಂದಿತ್ತು. ಬಿರುಕು ಅವಳಿಗೂ ಕಾಣುತ್ತಿತ್ತು, ನೀಲಿಯಾಗಿ, ನೇರವಾಗಿ, ಬಾ ಎಂದು ಕರೆಯುವ ಹಾಗೆ. ಆದರೆ ತಮ್ಮ ಬಲಗೈಯಿಂದ ಕಿವಿಯ ತುದಿ ಉಜ್ಜುತ್ತಿದ್ದ. ಚಿಕ್ಕವನಿದ್ದಾಗ, ಹೆದರಿದ್ದೇನೆ ಎಂದು ಹೇಳಲು ನಾಚಿಕೆಯಾದಾಗಲೆಲ್ಲ ಅವನು ಮಾಡುತ್ತಿದ್ದದ್ದು ಅದನ್ನೇ. ಅವನು ಹೋಗಲು ಸಿದ್ಧನಿದ್ದದ್ದು ಬಿರುಕನ್ನು ನಂಬಿ ಅಲ್ಲ, ಅವಳಿಗೋಸ್ಕರ.

"ಬೇಡ," ಎಂದಳು. "ಹಡಗು ತಿರುಗಿಸು."

"ಅಕ್ಕಾ, ವರ್ಷದ ಕೆಲಸ..."

"ನನ್ನ ಕೆಲಸ ನನಗೆ ಗೊತ್ತು ಕಣೋ. ತಿರುಗಿಸಿ, ಕ್ಯಾಪ್ಟನ್."

ಚೀಫ್ ಆಫೀಸರ್ ತಡೆದುಕೊಂಡಿದ್ದ ಉಸಿರು ಬಿಟ್ಟಿದ್ದು ಕೋಣೆಗೆಲ್ಲ ಕೇಳಿಸಿತು. ಅವಳು ಬಂದ ಏಣಿಯನ್ನೇ ಇಳಿದಳು, ಒಂದೊಂದೇ ಮೆಟ್ಟಿಲು, ಕಂಬಿ ಗಟ್ಟಿಯಾಗಿ ಹಿಡಿದು.

ಹಡಗು ಹೊರಳಿತು. ದಾರಿ ನಿಜಕ್ಕೂ ಕಿರಿದಾಗಿತ್ತು. ಎರಡೂ ಕಡೆ ಹಿಮ ಉಕ್ಕನ್ನು ಉಜ್ಜುವ ಸದ್ದಿಗೆ ಅಡುಗೆಮನೆಯ ತಟ್ಟೆಗಳು ಗಲಗಲ ಎಂದವು. ತಂತ್ರಜ್ಞ ಹೆಡ್‌ಫೋನ್ ಹಾಕಿಕೊಂಡು ಆಲಿಕೆಯನ್ನು ಕರೆಯುತ್ತಲೇ ಇದ್ದ. ಅದು ಉತ್ತರ ಕೊಡುತ್ತಿತ್ತು, ಮೊದಲು ಜೋರಾಗಿ, ಆಮೇಲೆ ಕ್ಷೀಣವಾಗಿ. ಕೊನೆಗೆ ಅವನು ಅವಳ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿ, ತಂತಿಯನ್ನು ನಿಧಾನವಾಗಿ ಸುತ್ತಿಟ್ಟ. ಅವಳು ಅವನ ಭುಜ ತಟ್ಟಿ, "ಮುಖ ತೊಳ್ಕೊಂಡು ಏನಾದ್ರೂ ತಿನ್ನು ಹೋಗು," ಎಂದಳು.

ತೆರೆದ ನೀರಿಗೆ ಬಂದ ಕೂಡಲೇ ಬೇರೆ ಬೇರೆ ಆಳದ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಂಡಳು. ವರ್ಷದ ಲೆಕ್ಕ ಇದರಿಂದ ಸಿಗುವುದಿಲ್ಲ. ಇವತ್ತಿನದಷ್ಟೇ ಸಿಗುತ್ತದೆ. ಪ್ರಯೋಗಾಲಯದಲ್ಲಿ ಕೂತು ಸೋಸತೊಡಗಿದಾಗ ಬಾಗಿಲಲ್ಲಿ ತಮ್ಮ ಬಂದು ನಿಂತ. ಪಾಳಿ ಮುಗಿಸಿ ಬಂದಿದ್ದ. ಹಡಗು ಹೊರಟ ಇಷ್ಟು ದಿನಗಳಲ್ಲಿ ಅವನು ಈ ಕೋಣೆಗೆ ಕಾಲಿಟ್ಟಿರಲಿಲ್ಲ.

"ಬಾ. ಅಲ್ಲೇ ಕಂಬದ ಹಾಗೆ ನಿಲ್ಲಬೇಡ."

"ಬೈತೀಯೇನೋ ಅಂತ."

"ಬೈಯೋಕೆ ಪುರುಸೊತ್ತಿಲ್ಲ. ಇದನ್ನ ಹಿಡ್ಕೋ. ಅಲ್ಲಾಡಿಸಬೇಡ."

ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೀರು ಹನಿಹನಿಯಾಗಿ ಇಳಿದು ಮುಗಿದ ಮೇಲೆ ಅವಳು ಇಕ್ಕುಳದಿಂದ ಸೋಸುಕಾಗದವನ್ನು ಎತ್ತಿ ದೀಪದ ಕೆಳಗೆ ತೋರಿಸಿದಳು. ಬಿಳಿ ಕಾಗದದ ನಡುವೆ, ಹುಡುಕಿ ನೋಡಿದರೆ ಕಾಣುವಂಥ, ಆ ಸಸ್ಯಗಳ ತೆಳು ಹಸಿರು ಕಲೆ.

"ಇಷ್ಟೇನಾ?"

"ಇಷ್ಟೇ."

"ಮೊದಲೆಲ್ಲ ಎಷ್ಟಿರ್ತಿತ್ತು?"

"ಹಸಿರಲ್ಲಿ ಕಾಗದವೇ ಕಾಣ್ತಿರ್ಲಿಲ್ಲ."

ಅವನು ಬಗ್ಗಿ ಮತ್ತೊಮ್ಮೆ ನೋಡಿದ. ಟೋಪಿ ತೆಗೆದು ಮೇಜಿನ ಮೇಲಿಟ್ಟ, ತೋಳು ಮಡಿಸಿಕೊಂಡ.

"ಇನ್ನೊಂದು ಬಾಟಲಿ ಕೊಡು," ಎಂದು ಸ್ಟೂಲು ಎಳೆದುಕೊಂಡು ಕೂತ.