ನಿರುಪದ್ರವಿ

"ಅಂದ್ರೆ, ನನ್ನ ಸ್ವಭಾವಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ ಅಂತೀರಾ?" ಅವನು ಎರಡನೇ ಸಲ ಕೇಳಿದ.

ಡಾಕ್ಟರು ಪರದೆಯ ಮೇಲೆ ಮಿದುಳಿನ ಅಂಚಿಗಿದ್ದ ಬಿಳಿ ಚುಕ್ಕೆಯನ್ನು ಪೆನ್ನಿನಿಂದ ತೋರಿಸಿ ನಕ್ಕರು. "ಕಡಲೆಕಾಳಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ. ತನ್ನ ಪಾಡಿಗೆ ತಾನು ಕೂತಿದೆ, ಪಾಪ. ನಿಮ್ಮ ಆಫೀಸಿನವರು ಎಲ್ಲರಿಗೂ ತಪಾಸಣೆ ಮಾಡಿಸದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ವರ್ಷಕ್ಕೊಮ್ಮೆ ನೋಡೋಣ. ಖುಷಿಯಾಗಿ ಮನೆಗೆ ಹೋಗಿ."

ಖುಷಿಯಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನ ಪಾಲಿಗೆ ನೆಲವೂ ನೆಟ್ಟಗಿತ್ತು.

ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಅವನ ಕೆಲಸ. ತಪ್ಪು ಚಾಲಕನದೋ ಬ್ರೇಕಿನದೋ ಎಂದು ತೀರ್ಮಾನಿಸಬೇಕು. ಬ್ರೇಕಿನದು ಎಂದಾಗ ಚಾಲಕರು ಅವನ ಕೈ ಹಿಡಿದು ಅತ್ತದ್ದುಂಟು. ಆಗ ಅಸಹ್ಯವಾಗುತ್ತಿತ್ತು. ಇವತ್ತು ನೆನೆದರೆ ಹೊಟ್ಟೆಕಿಚ್ಚಾಯಿತು.

ಹೆಂಡತಿ ಶನಿವಾರ ಅಣ್ಣನ ಮನೆಗೆ ಹೊರಡುವವಳಿದ್ದಳು, ಮರಳಿ ಬರಲಿಕ್ಕಲ್ಲ. ದೊಡ್ಡ ಜಗಳವೇನೂ ಆಗಿರಲಿಲ್ಲ. "ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು" ಅಂದಿದ್ದಳು, ಅಷ್ಟೆ. ಅವಳಪ್ಪ ಸತ್ತ ಸುದ್ದಿ ಬಂದಾಗ ಇವನು ಇಸ್ತ್ರಿ ಮಾಡಿದ ಅಂಗಿ ಎಲ್ಲಿ ಎಂದು ಕೇಳಿದ್ದ. ಅವಳು ಮರೆತಿರಲಿಲ್ಲ.

ಮನೆಗೆ ಬಂದರೆ ಅವಳು ತನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನಂದ್ರು?"

"ತಲೇಲಿ ಗಡ್ಡೆ ಇದೆಯಂತೆ."

ಅವಳ ಕೈ ನಿಂತಿತು.

"ಪ್ರಾಣಕ್ಕೇನೂ ಇಲ್ಲ." ಅಲ್ಲಿಗೇ ನಿಲ್ಲಿಸಬಹುದಿತ್ತು. "ತುಂಬಾ ವರ್ಷದಿಂದ ಇರಬೇಕು. ಸ್ವಭಾವಾನೇ ಕೆಡಿಸುತ್ತಂತೆ. ಪ್ರೀತಿ, ದುಃಖ ಯಾವುದೂ ತಟ್ಟಲ್ವಂತೆ."

"ಡಾಕ್ಟ್ರೇ ಹಾಗಂದ್ರಾ?"

"ಹೂಂ."

ಅವಳು ಕೈಲಿದ್ದ ಪುಸ್ತಕವನ್ನು ಕಪಾಟಿಗೆ ವಾಪಸಿಟ್ಟಳು. ಆಮೇಲೆ ಅಣ್ಣನಿಗೆ ಫೋನು ಮಾಡಿದಳು. "ನಾನು ಬರಲ್ಲ ಅಣ್ಣಾ. ಇಷ್ಟು ವರ್ಷ ಸುಮ್ಮಸುಮ್ಮನೆ ಅಂದ್ಬಿಟ್ಟೆ. ಅವರದ್ದೇನೂ ತಪ್ಪಿಲ್ಲ." ಮಾತು ಅಳುವಿನಲ್ಲಿ ಮುಳುಗಿತು.

ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಏನಾದರೂ ಅನಿಸೀತೆಂದು ಕಾದ. ಬೂಟಿನೊಳಗೆ ಕಾಲು ಬೆವರಿರುವುದು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೂಟು ಬಿಚ್ಚಲು ಸೋಫಾದಲ್ಲಿ ಕೂತ. ಅವಳು ಬಂದು ಪಕ್ಕದಲ್ಲಿ ಕೂತು ಅವನ ತಲೆಯ ಮೇಲೆ ಕೈಯಿಟ್ಟಳು.

"ಎಲ್ಲಿದೆ? ನೋಯುತ್ತಾ?"

ಅವನು ಆ ಕೈಯನ್ನು ಬಲಗಿವಿಯ ಮೇಲಕ್ಕೆ ಸರಿಸಿದ. ಅವಳು ಅಲ್ಲೇ, ಅಷ್ಟೇ ಜಾಗದಲ್ಲಿ, ಮದುವೆಯ ಹೊಸತರಲ್ಲೂ ತೋರದಿದ್ದ ಅಕ್ಕರೆಯಿಂದ ಸವರತೊಡಗಿದಳು. ಯಾರದೋ ನಿದ್ದೆಹೋದ ಮಗುವನ್ನು ಎತ್ತಿಕೊಂಡವನಂತೆ, ಎಲ್ಲಿ ಎದ್ದುಬಿಡುತ್ತದೋ ಎಂದು ಅವನು ತಲೆ ಅಲುಗಿಸದೆ ಕೂತ.