ಡುಮ್ಮಣ್ಣನ ಪ್ಯಾಂಟು

ಇನ್ನೂ ಬಿಸಿಯಿದೆ ಪ್ಯಾಂಟು, ಅವರ ಮೈಬಿಸಿ, ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚುವ ಮೊದಲು ನನ್ನ ಮಡಿಲಿಗೆ ಹಾಕಿ ಹೋದದ್ದು, ಹಿಡ್ಕೊಳ್ಳೇ, ಇಸ್ತ್ರಿ ಕೆಡಿಸ್ಬೇಡ — ಆಸ್ಪತ್ರೆಯ ಗೌನು ತೊಟ್ಟು ನಿಂತರೂ ಇಸ್ತ್ರಿಯ ಚಿಂತೆ, ಟೈಲರ್ ಬುದ್ಧಿ ಎಲ್ಲಿ ಹೋಗುತ್ತೆ, ಬೆಂಚು ತಣ್ಣಗೆ ಕೊರೆಯುತ್ತಿದೆ, ಈ ಸೊಂಟಕ್ಕಾಗಿ ಎಷ್ಟು ಜಗಳ ಆಡಿದೆನಪ್ಪಾ, ಮದುವೆಯಾದಾಗಿನಿಂದ ಅದೇ ರಾಗ, ಹೊಟ್ಟೆ ಮೊದ್ಲು ಬಾಗಿಲು ದಾಟುತ್ತೆ, ನೀವು ಆಮೇಲೆ, ಬೀದಿಯವರೆಲ್ಲ ಡುಮ್ಮಣ್ಣ ಅಂತಾರೆ, ನಾಚಿಕೆ ಆಗಲ್ವಾ — ನಗುತ್ತಿದ್ದರು, ಒಳಗೆ ಬಟ್ಟೆ ಬಿಟ್ಟು ಹೊಲಿದಿದೀನಿ ಕಣೇ, ಇನ್ನೂ ಜಾಗ ಇದೆ. ಆಮೇಲೆ ಕೆಮ್ಮು, ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ಅನ್ನುವ ಮಾತು, ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ, ಎಲ್ಲರಿಗೂ ಹೀಗೇ ಅಂತ ಹೇಳಕ್ಕಾಗಲ್ಲ, ಆದ್ರೆ ಈ ಕಾಯಿಲೇಲಿ ಮೈಯಲ್ಲಿ ಒಂದಿಷ್ಟು ಕೊಬ್ಬಿರೋರು ಹೆಚ್ಚು ದಿನ ತಡ್ಕೊಳ್ಳೋದು ಕಂಡಿದೀವಿ, ತೂಕ ಇಳಿಯೋಕೆ ಬಿಡಬೇಡಿ — ಅಯ್ಯೋ, ಕರಗಲಿ ಕರಗಲಿ ಅಂತ ನಾನು ಬೇಡಿಕೊಂಡ ಹೊಟ್ಟೆ! ಮನೆಗೆ ಬಂದವಳೇ ಬೆಣ್ಣೆ, ಮೊಟ್ಟೆ, ಕೆನೆಹಾಲು, ತಿನ್ನಿ ಅಂದರೆ ಅವರಿಗೆ ವಾಕರಿಕೆ, ನನಗೆ ಅಳು, ಸಾಕು ಬಿಡೇ, ಎಲ್ಲಿ ಇಳಿದಿದೀನಿ, ಪ್ಯಾಂಟ್ ನೋಡು, ಗುಂಡಿ ಹಾಕಿದ್ರೆ ಈಗ್ಲೂ ಬಿಗಿ, ನಿಜ, ಬಿಗಿಯೇ ಇತ್ತು, ಆಸ್ಪತ್ರೆಯಲ್ಲಿ ತೂಗಿ ತಿಂಗಳಾಯಿತು, ಮನೆಯಲ್ಲಿ ಈ ಪ್ಯಾಂಟೇ ನಮ್ಮ ತಕ್ಕಡಿ, ಕೆನ್ನೆ ಇಳಿದದ್ದು ಔಷಧಿಗಿರಬೇಕು ಅಂದುಕೊಂಡೆ, ಒತ್ತಾಯ ಬಿಟ್ಟೆ, ಅರ್ಧ ಮೊಟ್ಟೆಗೇ ತಟ್ಟೆ ಸರಿಸಿದರೂ ಸುಮ್ಮನಿದ್ದೆ, ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದೆ.

ಇದೇನು, ಬೆನ್ನಿನ ಕಡೆ ಸೊಂಟಪಟ್ಟಿ ಇಷ್ಟು ದಪ್ಪ — ತಿರುಗಿಸಿದರೆ ಹೊಸ ದಾರ, ಅದರಾಚೆ ಬಿಚ್ಚಿದ ಹೊಲಿಗೆಯ ತೂತುಗಳು, ಅದರಾಚೆ ಇನ್ನೊಂದು ಸಾಲು ತೂತು, ಕಳ್ಳ, ಅಂಗಡಿಯಲ್ಲಿ ಕೂತು ತನ್ನ ಸೊಂಟವನ್ನು ತಾನೇ ಕಿರಿದು ಮಾಡಿಕೊಳ್ಳುತ್ತಿದ್ದಾನೆ ನನ್ನ ಗಂಡ, ನನ್ನ ಕಣ್ಣಿಗೇ ಮಣ್ಣೆರಚಿ, ನಾನು ಅಳಬಾರದೆಂದು, ಅಥವಾ ಆ ಮೊಟ್ಟೆಗೆ ಹೆದರಿ, ಎರಡೂ ಇರಬೇಕು, ಹೊರಗೆ ಬರಲಿ, ಮಾಡ್ತೀನಿ. ಆದರೆ ಮಿಕ್ಕ ಬಟ್ಟೆ ಕತ್ತರಿಸಿಲ್ಲ, ಅಷ್ಟನ್ನೂ ಮಡಚಿ ಒಳಗೇ ಇಟ್ಟಿದ್ದಾರೆ, ಮತ್ತೆ ಬಿಚ್ಚುವವರ ಹಾಗೆ, ಮತ್ತೆ ದಪ್ಪಗಾಗುವವರ ಹಾಗೆ, ದೇವರೇ, ತಿನ್ನಿಸುತ್ತೇನೆ, ಬೈಸಿಕೊಂಡಾದರೂ ತಿನ್ನಿಸುತ್ತೇನೆ, ಡಾಕ್ಟರಮ್ಮನಿಗೆ ಈ ಪಟ್ಟಿಯನ್ನೇ ತೋರಿಸುತ್ತೇನೆ, ಇನ್ನೂ ಹೊತ್ತು ಮೀರಿಲ್ಲ ಅಲ್ವಾ ಅಂತ ಕೇಳುತ್ತೇನೆ — ಮತ್ತೆ ಇದು, ಹೊಸ ಹೊಲಿಗೆಗೂ ಈಚೆ, ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ, ನೆಟ್ಟಗೆ, ಇನ್ನೂ ಸೂಜಿ ಬಿದ್ದಿಲ್ಲ, ಮುಂದಿನ ಸಲಕ್ಕೆ. ಹೆಬ್ಬೆರಳಿಂದ ಉಜ್ಜುತ್ತೇನೆ, ಬಾಗಿಲು ತೆರೆಯಿತು, ಕೊಡೇ ಪ್ಯಾಂಟು, ಒಳಗೆ ಏನ್ ಚಳಿ ಅಂತೀಯ, ಉಜ್ಜುತ್ತೇನೆ, ಏನೇ ಮಾಡ್ತಿದೀಯ, ಉಜ್ಜುತ್ತೇನೆ, ಹೆಬ್ಬೆರಳೆಲ್ಲ ಬೆಳ್ಳಗಾಯಿತು, ಗೆರೆ ಹಾಗೇ ಇದೆ.